ಚಹಾಕ್ಕಿಂತ ಮೊದಲು ಒಂದು ಗುಳಿಗಿ

ಬಾದಾಮಿಯ ಮೇಣಬಸದಿಯನ್ನು ಎಷ್ಟು ಸಲ ಹತ್ತಿದ್ದೇನೋ ಲೆಕ್ಕವಿಲ್ಲ. ಹೈಸ್ಕೂಲ್ ಟ್ರಿಪ್ಪಿನಲ್ಲಿ ಹತ್ತಿದ್ದೆ, ಪತ್ರಿಕೋದ್ಯಮ ಓದುವಾಗ ಗೆಳತಿಯರ ಜೊತೆ ಹತ್ತಿದ್ದೆ, ವರದಿಗಾರ್ತಿ ಆದಮೇಲೆ ಮಂತ್ರಿಗಳ ಹಿಂದೆ ಓಡುತ್ತಾ ಹತ್ತಿದ್ದೆ. ಮೂರು ವರ್ಷದ ಹಿಂದಿನ ಒಂದು ಡಿಸೆಂಬರ್ ಮಧ್ಯಾಹ್ನ ಮಾತ್ರ ನನ್ನಿಂದ ಆಗಲಿಲ್ಲ. ಪ್ರವಾಸಿಗರ ಬಗ್ಗೆ ಒಂದು ಲೇಖನಕ್ಕೆ ಮೂರನೇ ಗುಹೆಯ ಫೋಟೊ ಬೇಕಿತ್ತು, ಮಂಗಳೇಶ ಬರೆಸಿದ ಕ್ರಿ.ಶ. 578ರ ಶಾಸನ ಇರುವ ಗುಹೆ ಅದು. ನಾನು ಎರಡನೇ ಗುಹೆಯ ಹತ್ತಿರವೇ ಕುಳಿತುಬಿಟ್ಟೆ. ತೊಡೆಗಳು ಕಲ್ಲಾಗಿದ್ದವು. ಬಿಸಿಲಿತ್ತು, ನಾನು ಸ್ವೆಟರ್ ಹಾಕಿದ್ದೆ, ಆದರೂ ಚಳಿ.

ಆಗ ಅರವತ್ತು ದಾಟಿದ ಒಬ್ಬ ಅಜ್ಜಿ, ಇಳಕಲ್ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊಮ್ಮಗನನ್ನು ಬಗಲಲ್ಲಿ ಎತ್ತಿಕೊಂಡು ನನ್ನ ಪಕ್ಕದಿಂದ ಹತ್ತಿ ಹೋದಳು. ಹೋಗುತ್ತಾ ನಿಂತು, "ಯಾಕ ಕುಂತೀ ಯವ್ವಾ, ಏಳ, ಮ್ಯಾಲ ಇನ್ನ ಎರಡ ಅದಾವ" ಅಂದಳು. ನನ್ನ ವಯಸ್ಸು ಆಗ 27. ಫೋಟೊಗ್ರಾಫರ್ ಹುಡುಗ ಒಬ್ಬನೇ ಮೇಲೆ ಹೋಗಿ ಫೋಟೊ ತಂದ. ಬಾಗಲಕೋಟೆಗೆ ವಾಪಸ್ ಬರುವ ಬಸ್ಸಿನಲ್ಲಿ ನಿದ್ದೆ ಹತ್ತಿ ನನ್ನ ಸ್ಟಾಪ್ ದಾಟಿ ಹೋಗಿತ್ತು.

ಇದನ್ನು ಬರೆಯಬೇಕೋ ಬೇಡವೋ ಅಂತ ಬಹಳ ದಿನ ಯೋಚಿಸಿದೆ. ನಮ್ಮ ಬ್ಲಾಗಿನಲ್ಲಿ ಊರಿನ ಬಗ್ಗೆ, ಬೆಳೆಯ ಬಗ್ಗೆ, ಬಸ್ಸಿನ ಬಗ್ಗೆ ಬರೆಯುತ್ತೇವೆ. ಸ್ವಂತ ತೂಕದ ಬಗ್ಗೆ ಯಾರು ಬರೆಯುತ್ತಾರೆ? ಆದರೆ ಇದರಲ್ಲಿ ನಾನು ಪತ್ರಕರ್ತೆಯಾಗಿ ಮಾಡಿದ ಒಂದು ತಪ್ಪೂ ಇದೆ. ಅದನ್ನು ಹೇಳದೆ ಮುಂದೆ ಹೋಗುವುದು ನನಗೆ ಸರಿ ಅನಿಸಲಿಲ್ಲ.

ಆ ಬಾದಾಮಿ ಮಧ್ಯಾಹ್ನಕ್ಕಿಂತ ಮೊದಲೇ ಒಂದು ವರ್ಷದಿಂದ ಏನೋ ಸರಿ ಇರಲಿಲ್ಲ. 58 ಕಿಲೋ ಇದ್ದವಳು 69ಕ್ಕೆ ಬಂದಿದ್ದೆ. ಬಾಚಣಿಕೆ ತುಂಬ ಕೂದಲು. ಬೆಳಿಗ್ಗೆ ಮುಖ ಊದಿರುತ್ತಿತ್ತು. ಮಲಬದ್ಧತೆ, ಮುಟ್ಟಿನಲ್ಲಿ ವಿಪರೀತ ಸ್ರಾವ, ಕೈಯ ಚರ್ಮ ಒಣಗಿ ಬಿರುಕು. ಪ್ರೆಸ್ ಮೀಟಿನಲ್ಲಿ ಎದುರಿಗೆ ಕೂತ ಅಧಿಕಾರಿಯ ಹೆಸರೇ ನೆನಪಾಗುತ್ತಿರಲಿಲ್ಲ. ಮನೆಯವರಿಗೆ, ಆಫೀಸಿನವರಿಗೆ ಮಾತ್ರ ಕಂಡಿದ್ದು ಒಂದೇ: ನಾನು ದಪ್ಪ ಆಗಿದ್ದೇನೆ. ಹುನಗುಂದದಲ್ಲಿ ಒಂದು ಮದುವೆಗೆ ಹೋದಾಗ ದೂರದ ಅತ್ತಿಯೊಬ್ಬರು ಊಟದ ಪಂಕ್ತಿಯಲ್ಲೇ, "ಹುಡುಗಿ ಹಿಂಗ ಬೆಳದ್ರ ಗಂಡ ಸಿಗೂದು ಹ್ಯಾಂಗವಾ" ಅಂದರು. ಎಲೆಯ ಮೇಲಿನ ಹೋಳಿಗೆ ಹಾಗೇ ಬಿಟ್ಟು ಎದ್ದೆ. ರಾತ್ರಿ ಮನೆಗೆ ಬಂದು ಅರ್ಧ ಕಿಲೋ ಕರದಂಟಿನ ಡಬ್ಬಿ ಖಾಲಿ ಮಾಡಿದೆ. ಸಿಟ್ಟಿಗೆ ಹೀಗೂ ಆಗುತ್ತದೆ.

ಕೊನೆಗೆ ನವನಗರದ ಡಾಕ್ಟರ್ ಮೇಡಂ ಹತ್ತಿರ ಹೋದೆ. ಅವರು ಕುತ್ತಿಗೆ ಮುಟ್ಟಿ ನೋಡಿದರು, ಮೊಣಕಾಲ ಕೆಳಗೆ ಸುತ್ತಿಗೆಯಿಂದ ತಟ್ಟಿದರು, ರಕ್ತ ತಪಾಸಣೆಗೆ ಬರೆದುಕೊಟ್ಟರು. ಟಿಎಸ್‌ಎಚ್ 42 ಬಂತು. ಸಾಮಾನ್ಯವಾಗಿ ಅದು 0.4ರಿಂದ 4ರ ಆಸುಪಾಸಿನಲ್ಲಿ ಇರಬೇಕು.

ಈ ಟಿಎಸ್‌ಎಚ್ ಅಂದರೇನು ಅಂತ ನನಗೆ ನಾನೇ ಹೀಗೆ ಅರ್ಥ ಮಾಡಿಕೊಂಡೆ. ತಾಲ್ಲೂಕಿನ ವರದಿಗಾರ ಸುದ್ದಿ ಕಳಿಸದಿದ್ದರೆ ಡೆಸ್ಕಿನಿಂದ ಫೋನ್ ಬರುತ್ತದಲ್ಲ, ಹಾಗೆ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಎಂಬ ಗ್ರಂಥಿ ಡೆಸ್ಕ್. ಕುತ್ತಿಗೆಯ ಮುಂದೆ ಚಿಟ್ಟೆಯ ಹಾಗೆ ಕೂತಿರುವ ಥೈರಾಯ್ಡ್ ವರದಿಗಾರ. ಥೈರಾಯ್ಡ್ ತನ್ನ ಹಾರ್ಮೋನ್ ಸರಿಯಾಗಿ ಕಳಿಸುತ್ತಿದ್ದರೆ ಡೆಸ್ಕ್ ಆಗಾಗ ಒಂದು ಮಾತಾಡಿ ಸುಮ್ಮನಿರುತ್ತದೆ. ಕಳಿಸದಿದ್ದರೆ ಫೋನ್ ಮೇಲೆ ಫೋನ್. ಟಿಎಸ್‌ಎಚ್ ಅಂದರೆ ಆ ಫೋನುಗಳ ಲೆಕ್ಕ. ಅದು ಹೆಚ್ಚಿದ್ದರೆ ಥೈರಾಯ್ಡ್ ಕಡಿಮೆ ಕೆಲಸ ಮಾಡುತ್ತಿದೆ ಎಂದರ್ಥ. ಬಹಳ ಜನ ಉಲ್ಟಾ ತಿಳಿದುಕೊಳ್ಳುತ್ತಾರೆ, "ನನಗ ಥೈರಾಯ್ಡ್ ಜಾಸ್ತಿ ಆಗೇತಿ" ಅನ್ನುತ್ತಾರೆ.

ನನ್ನದು ಹಶಿಮೊಟೊ ಕಾಯಿಲೆ ಅಂತ ಮೇಡಂ ಹೇಳಿದರು. 1912ರಲ್ಲಿ ಅದನ್ನು ಮೊದಲು ವಿವರಿಸಿದ ಜಪಾನಿ ವೈದ್ಯ ಹಕಾರು ಹಶಿಮೊಟೊ ಅವರ ಹೆಸರು. ದೇಹದ ರಕ್ಷಣಾ ವ್ಯವಸ್ಥೆಯೇ ತನ್ನ ಥೈರಾಯ್ಡ್ ಮೇಲೆ ಬಿದ್ದು ಅದನ್ನು ನಿಧಾನಕ್ಕೆ ಹಾಳು ಮಾಡುತ್ತದೆ. ಗಂಡಸರಿಗಿಂತ ಹೆಂಗಸರಿಗೆ ಬಹಳ ಹೆಚ್ಚು. ನನ್ನ ಆಲಸಿತನದಿಂದ ಬಂದಿದ್ದಲ್ಲ ಅಂತ ಕೇಳಿದಾಗ ಆ ಕುರ್ಚಿಯಲ್ಲೇ ಅಳು ಬಂತು.

ಲಿವೋಥೈರಾಕ್ಸಿನ್ ಗುಳಿಗೆ ಕೊಟ್ಟರು. ಎಷ್ಟು ಮೈಕ್ರೋಗ್ರಾಂ ಅಂತ ಇಲ್ಲಿ ಬರೆಯುವುದಿಲ್ಲ, ಒಬ್ಬರ ಡೋಸ್ ಇನ್ನೊಬ್ಬರಿಗೆ ಹೊಂದುವುದಿಲ್ಲ. ಮನೆಗೆ ಬರುವಾಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಲೆಕ್ಕ: ಗುಳಿಗೆ ನುಂಗಿದರೆ 11 ಕಿಲೋ ಇಳಿಯುತ್ತದೆ.

ಇಳಿಯಲಿಲ್ಲ. ಮೊದಲ ತಪಾಸಣೆಗೆ ಹೋದಾಗ ಟಿಎಸ್‌ಎಚ್ 19ರಲ್ಲೇ ಇತ್ತು. "ಗುಳಿಗಿ ಹ್ಯಾಂಗ ತಗೋತೀರಿ?" ಅಂತ ಮೇಡಂ ಕೇಳಿದರು. ಚಹಾದ ಜೊತೆ ಅಂದೆ. ಆಮೇಲೆ ತಿಂಡಿ ತಿಂದು ಕಬ್ಬಿಣಾಂಶದ ಗುಳಿಗೆ, ಅದರ ಹಿಂದೆ ಕ್ಯಾಲ್ಸಿಯಂ. ಅವರು ಹಣೆಗೆ ಕೈ ಇಟ್ಟುಕೊಂಡರು. ಈ ಗುಳಿಗೆಯನ್ನು ಬರೀ ಹೊಟ್ಟೆಯಲ್ಲಿ, ಬರೀ ನೀರಿನ ಜೊತೆ ತೆಗೆದುಕೊಳ್ಳಬೇಕು. ಆಮೇಲೆ ಅರ್ಧ ತಾಸಿನಿಂದ ಒಂದು ತಾಸು ಚಹಾ, ಕಾಫಿ, ಹಾಲು, ತಿಂಡಿ ಏನೂ ಬೇಡ. ಕಬ್ಬಿಣ, ಕ್ಯಾಲ್ಸಿಯಂ ಗುಳಿಗೆಗಳಿಗೂ ಇದಕ್ಕೂ ನಾಲ್ಕು ತಾಸಿನ ಅಂತರ ಇರಬೇಕು, ಇಲ್ಲದಿದ್ದರೆ ಅವು ಇದನ್ನು ಕರುಳಿನಲ್ಲೇ ಹಿಡಿದು ನಿಲ್ಲಿಸುತ್ತವೆ. ನಮ್ಮ ಕಡೆ ಎದ್ದ ತಕ್ಷಣ ಚಹಾ ಕುಡಿಯದಿದ್ದರೆ ಬೆಳಗೇ ಆಗುವುದಿಲ್ಲ. ಆ ಒಂದು ಅಭ್ಯಾಸ ಬದಲಿಸಿದ ಮೇಲೆ ಮುಂದಿನ ತಪಾಸಣೆಯಲ್ಲಿ ಟಿಎಸ್‌ಎಚ್ 3ಕ್ಕೆ ಬಂತು.

ಚಳಿ ಹೋಯಿತು. ಹೊಟ್ಟೆ ಸರಿಯಾಯಿತು. ಹೆಸರುಗಳು ನೆನಪಾಗತೊಡಗಿದವು. ಮುಖದ ಊತ ಇಳಿಯಿತು. ತೂಕ ಇಳಿದದ್ದು ಮಾತ್ರ ಮೂರು ಕಿಲೋ. 69 ಇದ್ದದ್ದು 66ಕ್ಕೆ ಬಂದು ಗೂಟ ಬಡಿದ ಹಾಗೆ ನಿಂತಿತು. ನನಗೆ ನಿರಾಸೆ, ಸಿಟ್ಟು. ಡೋಸ್ ಜಾಸ್ತಿ ಮಾಡಿ ಅಂತ ಮೇಡಂ ಹತ್ತಿರ ಜಗಳವಾಡಿದೆ. ಅವರು ಒಂದೇ ಮಾತು ಹೇಳಿದರು: "ಇದು ತೂಕದ ಗುಳಿಗಿ ಅಲ್ರಿ. ನಿಮ್ಮ ಥೈರಾಯ್ಡ್ ಮಾಡಬೇಕಾದ ಕೆಲಸ ಇದು ಮಾಡ್ತೈತಿ, ಅಷ್ಟ." ನನಗೆ ಆಗ ಆ ಮಾತು ತಲೆಗೆ ಹೋಗಲಿಲ್ಲ. ಹೋಗಲು ಹುನಗುಂದದ ಚಿಗವ್ವ ಬೇಕಾಯಿತು.

ಚಿಗವ್ವ ಅಂದರೆ ನಮ್ಮವ್ವನ ತಂಗಿ. ಅವಳಿಗೂ ನನಗಿಂತ ಸ್ವಲ್ಪ ಮೊದಲು ಇದೇ ಕಾಯಿಲೆ ಪತ್ತೆಯಾಗಿತ್ತು. ಇದು ಕೆಲವು ಮನೆತನಗಳಲ್ಲಿ ಹೀಗೆ ಹರಿದು ಬರುತ್ತದೆ. ನನಗೆ ಗುಳಿಗೆ ಶುರುವಾಗಿ ಏಳೆಂಟು ತಿಂಗಳಾಗಿತ್ತು, ಒಂದು ಸಂಜೆ ಕಾಕಾ ಫೋನ್ ಮಾಡಿದರು. ಚಿಗವ್ವನನ್ನು ಬಾಗಲಕೋಟೆಗೆ ಕರೆತಂದು ಆಸ್ಪತ್ರೆಗೆ ಸೇರಿಸಿದ್ದಾರೆ ಅಂತ. ಓಡಿದೆ. ಮಂಚದ ಮೇಲೆ ಮಲಗಿದ್ದವಳನ್ನು ನೋಡಿ ಮೊದಲು ಬೇರೆ ಯಾರೋ ಅಂದುಕೊಂಡೆ. ಕಣ್ಣು ಮುಚ್ಚುವಷ್ಟು ಮುಖ ಊದಿತ್ತು. ದನಿ ಗಂಡಸಿನ ದನಿಯ ಹಾಗೆ ದಪ್ಪ. ನಾಡಿ ನಿಮಿಷಕ್ಕೆ 48. ಮಾತು ಒಂದೊಂದೇ ಶಬ್ದವಾಗಿ ಬರುತ್ತಿತ್ತು.

ಡ್ಯೂಟಿ ಡಾಕ್ಟರ್ ಕೇಳಿದರು, "ಥೈರಾಯ್ಡ್ ಗುಳಿಗಿ ಬಿಟ್ಟೀರೇನು?"

"ಹೂಂ ರೀ. ನಾಕ್ ತಿಂಗಳಾತು."

"ಯಾರ ಹೇಳಿದ್ರು ಬಿಡಾಕ?"

ಚಿಗವ್ವ ಉತ್ತರ ಕೊಡಲಿಲ್ಲ. ನನ್ನ ಕಡೆ ನೋಡಿದಳು, ಆಮೇಲೆ ಗೋಡೆಯ ಕಡೆ ತಿರುಗಿದಳು.

ನಾಲ್ಕು ದಿನಕ್ಕೆ ಚೇತರಿಸಿಕೊಂಡಳು. ಅವಳನ್ನು ಹುನಗುಂದಕ್ಕೆ ಬಿಡಲು ಹೋದಾಗ ಕ್ಯಾಲೆಂಡರಿನ ಹಿಂದಿನಿಂದ ಮಡಚಿದ ಒಂದು ಪೇಪರ್ ಕಟಿಂಗ್ ತೆಗೆದು ನನ್ನ ಕೈಗೆ ಕೊಟ್ಟಳು. ನಾಲ್ಕು ಮೂಲೆಗೂ ಅರಿಶಿನದ ಬೆರಳಿನ ಗುರುತು. "ಥೈರಾಯ್ಡ್‌ಗೆ ಮನೆಯಲ್ಲೇ ಇದೆ ಮದ್ದು" ಅಂತ ಶೀರ್ಷಿಕೆ. ಕೊತ್ತಂಬರಿ ಬೀಜ ನೆನೆಸಿದ ನೀರು ಕುಡಿದರೆ ಥೈರಾಯ್ಡ್ ಬೇರುಸಮೇತ ಹೋಗುತ್ತದೆ, ತೂಕವೂ ಇಳಿಯುತ್ತದೆ ಎಂದು ಬರೆದಿತ್ತು. ಕೆಳಗೆ ನನ್ನ ಹೆಸರು.

ಅದು ನಾನು ಟ್ರೇನಿಯಾಗಿ ಡೆಸ್ಕಿನಲ್ಲಿದ್ದಾಗ ಬರೆದದ್ದು. ಪುರವಣಿಯಲ್ಲಿ ಅರ್ಧ ಕಾಲಂ ಖಾಲಿ ಉಳಿದಿತ್ತು, ತಾಸಿನೊಳಗೆ ತುಂಬಬೇಕಿತ್ತು. ಇಂಟರ್‌ನೆಟ್ಟಿನಲ್ಲಿ ಸಿಕ್ಕಿದ್ದನ್ನು ಕನ್ನಡ ಮಾಡಿ ಹಾಕಿದೆ. ಒಬ್ಬ ವೈದ್ಯರಿಗೂ ಫೋನ್ ಮಾಡಲಿಲ್ಲ. ಕ್ಲಾಸಿನಲ್ಲಿ ಎರಡು ವರ್ಷ ನಮಗೆ ಕಲಿಸಿದ್ದು ಅದೊಂದನ್ನೇ: ಬರೆಯುವ ಮುಂಚೆ ತಿಳಿದವರನ್ನು ಕೇಳು. ಗ್ರಾಮಸಭೆಯ ಸುದ್ದಿಗೆ ಮೂರು ಜನರನ್ನು ಕೇಳುವ ನಾನು, ಔಷಧದ ಸುದ್ದಿಗೆ ಒಬ್ಬರನ್ನೂ ಕೇಳಿರಲಿಲ್ಲ. ಹೆಸರು ಅಚ್ಚಾಯಿತು ಅಂತ ಆ ದಿನ ಖುಷಿಪಟ್ಟಿದ್ದೆ.

"ನಿನ್ನ ಹೆಸರಿತ್ತಲ್ಲ, ಅದಕ್ಕ ತಗದ ಇಟ್ಟಿದ್ದೆ" ಅಂದಳು ಚಿಗವ್ವ. "ಗುಳಿಗಿ ನುಂಗಿದ್ರೂ ತೂಕ ಇಳೀಲಿಲ್ಲ. ಆವಾಗ ಇದು ನೆನಪಾತು. ಗುಳಿಗಿ ಬಿಟ್ಟು ಕೊತ್ತಂಬರಿ ನೀರು ಚಾಲೂ ಮಾಡಿದೆ. ಎರಡ ವಾರ ಏನೂ ಆಗಲಿಲ್ಲ, ಛಲೋನ ಇದ್ದೆ. ನೀರ ಕೆಲಸಾ ಮಾಡಾಕತ್ತೈತಿ ಅಂದ್ಕೊಂಡೆ."

ಈ ಎರಡು ವಾರದ ಮಾತು ದಯವಿಟ್ಟು ಎಲ್ಲರೂ ಗಮನಿಸಿ. ಈ ಹಾರ್ಮೋನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಬೇಕು. ಗುಳಿಗೆ ಬಿಟ್ಟ ಮರುದಿನ ಏನೂ ಗೊತ್ತಾಗುವುದಿಲ್ಲ. ಹಳೆಯ ಗುಳಿಗೆಗಳ ಬಲದಲ್ಲೇ ದೇಹ ನಡೆಯುತ್ತಿರುತ್ತದೆ. ಆ ಹೊತ್ತಿನಲ್ಲಿ ಕೊತ್ತಂಬರಿ ನೀರು ಕುಡಿದರೂ, ಪುಡಿ ನೆಕ್ಕಿದರೂ, ತಾಯತ ಕಟ್ಟಿದರೂ ಅದೇ ಕೆಲಸ ಮಾಡಿದ ಹಾಗೆ ಕಾಣುತ್ತದೆ. ಐದಾರು ವಾರದ ಹೊತ್ತಿಗೆ ಸಂಗ್ರಹ ಮುಗಿದಿರುತ್ತದೆ. ಸುಸ್ತು, ಊತ, ಮಂಕು ಎಷ್ಟು ನಿಧಾನಕ್ಕೆ ಬರುತ್ತವೆ ಅಂದರೆ ಗುಳಿಗೆ ಬಿಟ್ಟದ್ದಕ್ಕೇ ಬಂತು ಅಂತ ಹೊಳೆಯುವುದೇ ಇಲ್ಲ. ಡೋಸ್ ಬದಲಿಸಿದರೆ ಆರರಿಂದ ಎಂಟು ವಾರ ಬಿಟ್ಟೇ ಮತ್ತೆ ತಪಾಸಣೆ ಮಾಡುವುದೂ ಇದೇ ಕಾರಣಕ್ಕೆ. ನನ್ನ ಕಾಲಂ ಓದಿ ಇನ್ನೂ ಎಷ್ಟು ಜನ ಎರಡು ವಾರ ಖುಷಿಪಟ್ಟರೋ ನನಗೆ ಗೊತ್ತಿಲ್ಲ.

ಆ ರಾತ್ರಿ ಹುನಗುಂದದಲ್ಲೇ ಉಳಿದೆ. ಚಿಗವ್ವ ಕೇಳಿದಳು, "ಹಂಗಾರ ಸಾಯೂ ತನಕ ನುಂಗಬೇಕಾ ಇದನ್ನ?" ನಾನು ಆಗಷ್ಟೇ ಓದಿದ್ದ ಒಂದು ಕಥೆ ಹೇಳಿದೆ. 1891ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಜಾರ್ಜ್ ಮರ್ರೆ ಎಂಬ ವೈದ್ಯರ ಬಳಿ 46 ವರ್ಷದ ಹೆಂಗಸೊಬ್ಬಳು ಬಂದಳು. ನಿನ್ನ ಹಾಗೇ ಮುಖ ಊದಿತ್ತು, ಮಾತು ನಿಧಾನ, ಯಾವಾಗಲೂ ಚಳಿ. ಆಗ ಅದಕ್ಕೆ ಔಷಧವೇ ಇರಲಿಲ್ಲ. ಆ ವೈದ್ಯ ಕುರಿಯ ಥೈರಾಯ್ಡ್‌ನ ರಸ ತೆಗೆದು ಚುಚ್ಚುಮದ್ದಾಗಿ ಕೊಟ್ಟರು. ಅವಳು ಮತ್ತೆ 28 ವರ್ಷ ಬದುಕಿ 1919ರಲ್ಲಿ ತೀರಿಕೊಂಡಳು. ಔಷಧ ಬಿಡದೆ ತೆಗೆದುಕೊಂಡಿದ್ದಕ್ಕೇ ಬದುಕಿದ್ದು.

"ಅಯ್ಯ ಶಿವನ, ಕುರೀದು?" ಅಂತ ಚಿಗವ್ವ ಎದ್ದೇ ಕುಳಿತಳು. ಈಗಿನದು ಕುರಿಯದ್ದಲ್ಲ, 1927ರಲ್ಲೇ ಇದನ್ನು ಪ್ರಯೋಗಾಲಯದಲ್ಲಿ ತಯಾರಿಸುವುದನ್ನು ಕಂಡುಹಿಡಿದರು ಅಂತ ಸಮಾಧಾನ ಮಾಡಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಉಪ್ಪೂ ಸಾಯೂ ತನಕನ ತಿಂತೀವಲ್ಲ" ಅಂದು ದೀಪ ಆರಿಸಿದಳು.

ಉಪ್ಪಿನ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಥೈರಾಯ್ಡ್ ತನ್ನ ಹಾರ್ಮೋನ್ ತಯಾರಿಸಲು ಅಯೋಡಿನ್ ಬೇಕು. ಅದರ ಕೊರತೆಯಿಂದ ಗಳಗಂಡ ಬರುತ್ತದೆ ಅಂತಲೇ 1962ರಲ್ಲಿ ನಮ್ಮ ದೇಶದಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು, ಅಯೋಡಿನ್ ಉಪ್ಪು ಬಂತು. ಅಡುಗೆಗೆ ಆ ಉಪ್ಪು ಸಾಕು. ಡಬ್ಬಿಯ ಮುಚ್ಚಳ ಹಾಕಿ, ಒಲೆಯಿಂದ ದೂರ ಇಡಬೇಕು. ಆದರೆ ನನ್ನಂಥ ಹಶಿಮೊಟೊದವರು "ಅಯೋಡಿನ್ ಒಳ್ಳೆಯದಂತೆ" ಅಂತ ಬೇರೆ ಗುಳಿಗೆ, ಹನಿ ತೆಗೆದುಕೊಂಡರೆ ಥೈರಾಯ್ಡ್ ಇನ್ನೂ ಹದಗೆಡಬಹುದು.

ಸಂಕ್ರಾಂತಿಗೆ ನಾವು ತಟ್ಟುವ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯ ಬಗ್ಗೆಯೂ ಬಹಳ ಜನ ಹೆದರಿಸಿದರು. ಸಜ್ಜೆಯಲ್ಲಿ ಥೈರಾಯ್ಡ್ ಕೆಲಸಕ್ಕೆ ಅಡ್ಡ ಬರುವ ಅಂಶಗಳಿವೆ ಎನ್ನುವುದು ನಿಜ. ಸುಡಾನಿನ ದಾರ್ಫುರ್‌ನಲ್ಲಿ ಅಯೋಡಿನ್ ಕೊರತೆ ಇದ್ದು, ಜನ ಸಜ್ಜೆಯನ್ನೇ ಮುಖ್ಯ ಊಟ ಮಾಡಿಕೊಂಡಿದ್ದ ಕಡೆ ಗಳಗಂಡ ಹೆಚ್ಚಿದ್ದುದನ್ನು ಸಂಶೋಧಕರು ಅಭ್ಯಾಸ ಮಾಡಿದ್ದಾರೆ. ಆದರೆ ಅಯೋಡಿನ್ ಉಪ್ಪು ತಿನ್ನುವ, ವರ್ಷವಿಡೀ ಜೋಳದ ರೊಟ್ಟಿ ಉಣ್ಣುವ ಮನೆಯಲ್ಲಿ ಹಬ್ಬಕ್ಕೆ ನಾಲ್ಕು ಸಜ್ಜಿ ರೊಟ್ಟಿ ತಿಂದರೆ ಏನೂ ಆಗುವುದಿಲ್ಲ ಅಂತ ಮೇಡಂ ಹೇಳಿದರು. ಬೇಯಿಸಿದ ಕೋಸು, ಹೂಕೋಸು ಕೂಡ ಹಾಗೆಯೇ. ಬೆಣ್ಣೆಯ ಜೊತೆ ತಿಂದೆ. ಚೆನ್ನಾಗಿತ್ತು.

ಈಗ ತೂಕದ ವಿಷಯ. ಗುಳಿಗೆ ನನ್ನ 11 ಕಿಲೋ ಏಕೆ ಇಳಿಸಲಿಲ್ಲ ಅನ್ನುವುದಕ್ಕೆ ಉತ್ತರ ಸಿಕ್ಕಿತು. ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್ ರೋಗಿಗಳಿಗಾಗಿ ಕೊಡುವ ಮಾಹಿತಿಯ ಪ್ರಕಾರ, ಥೈರಾಯ್ಡ್ ಕೊರತೆಯಿಂದ ಹೆಚ್ಚುವ ತೂಕ ಸಾಮಾನ್ಯವಾಗಿ 5ರಿಂದ 10 ಪೌಂಡ್, ಅಂದರೆ ಎರಡರಿಂದ ನಾಲ್ಕೂವರೆ ಕಿಲೋ. ಅದರಲ್ಲೂ ಬಹುಪಾಲು ಕೊಬ್ಬಲ್ಲ, ದೇಹದಲ್ಲಿ ನಿಂತ ಉಪ್ಪು ಮತ್ತು ನೀರು. ನನ್ನದು ಸರಿಯಾಗಿ ಮೂರು ಕಿಲೋ ಇಳಿದಿತ್ತು. ಗುಳಿಗೆ ತನ್ನ ಕೆಲಸ ಮುಗಿಸಿತ್ತು. ಉಳಿದ ಎಂಟು ಕಿಲೋ ಥೈರಾಯ್ಡಿನ ಲೆಕ್ಕಕ್ಕೆ ಬರೆಯುವಂತಿರಲಿಲ್ಲ. ಸುಸ್ತಾಗಿ ಕೂತದ್ದು, ಬೇಜಾರಿಗೆ ತಿಂದದ್ದು, ಡೆಸ್ಕಿನ ಕುರ್ಚಿ, ಪ್ರೆಸ್ ಮೀಟಿನ ಮಿರ್ಚಿ ಭಜಿ, ಬಸ್ಸು ಅಮೀನಗಡದಲ್ಲಿ ನಿಂತಾಗಲೆಲ್ಲ ಕೊಂಡ ಕರದಂಟು, ಎಲ್ಲ ಸೇರಿ ಎಂಟು ಕಿಲೋ.

ಚಹಾದ ಲೆಕ್ಕ ಒಂದು ದಿನ ಬರೆದಿಟ್ಟೆ. ದಿನಕ್ಕೆ ಏಳು ಕಪ್, ಕಪ್ಪಿಗೆ ಎರಡು ಚಮಚ ಸಕ್ಕರೆ. ಚಮಚಕ್ಕೆ ನಾಲ್ಕು ಗ್ರಾಂ ಹಿಡಿದರೂ 56 ಗ್ರಾಂ, ಸುಮಾರು 220 ಕ್ಯಾಲರಿ. ಹೆಚ್ಚುಕಡಿಮೆ ಒಂದು ತಾಸಿನ ನಡಿಗೆ ಅಷ್ಟನ್ನೇ ಕರಗಿಸುವುದು. ನಾನು ಒಂದು ತಾಸು ನಡೆದು ಬಂದು ಏಳು ಕಪ್ ಚಹಾ ಕುಡಿದು, "ಥೈರಾಯ್ಡ್ ಇದ್ದವರಿಗೆ ತೂಕ ಇಳಿಯುವುದೇ ಇಲ್ಲ" ಅಂತ ಗೆಳತಿಯರಿಗೆ ಹೇಳುತ್ತಿದ್ದೆ.

ಇಳಕಲ್ಲಿನ ಮನೆಗೆ ಹೋದಾಗ ಅವ್ವನಿಗೆ ಇದನ್ನು ಹೇಳಿದೆ. ಇಳಕಲ್ಲಿನ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ತಿರುಗಿ ಜನರ ದುಶ್ಚಟಗಳನ್ನು ಭಿಕ್ಷೆ ಬೇಡಿದ್ದು ನಮ್ಮ ಕಡೆ ಎಲ್ಲರಿಗೂ ಗೊತ್ತು. "ಅಪ್ಪಾರ ಇದ್ದಾಗನ ನಿನ್ನ ಚಾ ಆ ಜೋಳಿಗಿಗೆ ಹಾಕಬೇಕಿತ್ತ ನೋಡು" ಅಂತ ಅವ್ವ ನಕ್ಕಳು. ಪೂರ್ತಿ ಬಿಡಲು ಆಗಲಿಲ್ಲ. ಏಳು ಕಪ್ ಮೂರಾಯಿತು, ಎರಡು ಚಮಚ ಒಂದಾಯಿತು.

ಅವ್ವ ಮೂವತ್ತು ವರ್ಷದಿಂದ ಮಗ್ಗಕ್ಕೆ ಕಂಡಿಕಿ ಸುತ್ತುತ್ತಾಳೆ, ಸೀರೆಯ ಮೈಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಕೂಡಿಸುತ್ತಾಳೆ. ಅವಳೂ ಸುಸ್ತು ಸುಸ್ತು ಅನ್ನುತ್ತಿದ್ದಳು. ನಮ್ಮ ಮನೆತನದ ಕಾಯಿಲೆಯೇ ಇರಬೇಕು ಅಂತ ಅವಳಿಗೂ ತಪಾಸಣೆ ಮಾಡಿಸಿದೆ. ಥೈರಾಯ್ಡ್ ಸರಿಯಾಗಿತ್ತು. ಹಿಮೋಗ್ಲೋಬಿನ್ 8 ಇತ್ತು. ಅವಳಿಗೆ ಬೇಕಿದ್ದದ್ದು ಕಬ್ಬಿಣಾಂಶ. ಎಲ್ಲ ಸುಸ್ತೂ ಥೈರಾಯ್ಡ್ ಅಲ್ಲ, ಎಲ್ಲ ಬೊಜ್ಜೂ ಥೈರಾಯ್ಡ್ ಅಲ್ಲ. ಪರೀಕ್ಷೆ ಮಾಡಿಸದೆ ಹೆಸರಿಡಬಾರದು ಅನ್ನುವುದನ್ನು ನಾನು ಅಲ್ಲಿ ಕಲಿತೆ.

ನಡಿಗೆ ಶುರು ಮಾಡಿದ್ದು ಹೀಗೆ. ಥೈರಾಯ್ಡ್ ಕಡಿಮೆ ಇದ್ದಾಗ ಮಾಂಸಖಂಡಗಳು ಸೋತಿರುತ್ತವೆ, ನೋಯುತ್ತವೆ. ಅಂಥ ಹೊತ್ತಿನಲ್ಲಿ ಜಿಮ್ಮಿಗೆ ನುಗ್ಗಿದರೆ ಎರಡು ದಿನಕ್ಕೆ ಮಂಚ ಹಿಡಿಯುವುದೇ. ನಾನು ಒಮ್ಮೆ ಹಾಗೆ ಮಾಡಿ ಬಿಟ್ಟಿದ್ದೆ. ಟಿಎಸ್‌ಎಚ್ ಹದಕ್ಕೆ ಬಂದ ಮೇಲೆ ಬೆಳಿಗ್ಗೆ ನವನಗರದ ರಸ್ತೆಯಲ್ಲಿ 15 ನಿಮಿಷ ನಡೆದೆ. ಎರಡು ವಾರಕ್ಕೊಮ್ಮೆ ಐದು ನಿಮಿಷ ಹೆಚ್ಚಿಸಿದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆಯಂಥ ಚಟುವಟಿಕೆ, ಜೊತೆಗೆ ಎರಡು ದಿನ ಮಾಂಸಖಂಡಕ್ಕೆ ಕೆಲಸ ಅನ್ನುತ್ತದೆ. ನನಗೆ ಅಲ್ಲಿಗೆ ತಲುಪಲು ನಾಲ್ಕು ತಿಂಗಳು ಬೇಕಾಯಿತು. ಮಾಂಸಖಂಡದ ಕೆಲಸಕ್ಕೆ ದುಡ್ಡು ಕೊಡಲಿಲ್ಲ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಕೈ ಕೊಟ್ಟು ತಳ್ಳುವುದು, ನೀರು ತುಂಬಿದ ಎರಡು ಕೊಡಪಾನ ಹಿಡಿದು ಮೆಟ್ಟಿಲು ಹತ್ತುವುದು. ಕೊಡಪಾನ ಹೊತ್ತೇ ಬೆಳೆದವರು ನಾವು, ನಡುವೆ ಮರೆತಿದ್ದೆವು ಅಷ್ಟೇ.

ಊಟದಲ್ಲಿ ಹೊಸದೇನೂ ಇಲ್ಲ. ರೊಟ್ಟಿ ಬಿಡಲಿಲ್ಲ. ಬೆಳಿಗ್ಗೆ ಎರಡು, ರಾತ್ರಿ ಎರಡು. ಅದರ ಜೊತೆ ಮೊದಲು ಹಿಂಡಿ ಎಣ್ಣೆ ಜಾಸ್ತಿ ಇರುತ್ತಿತ್ತು, ಈಗ ಮಡಕಿಕಾಳು, ಹೆಸರುಕಾಳು, ಪುಂಡಿಪಲ್ಯ, ಸೌತಿಕಾಯಿ ಜಾಸ್ತಿ. ರೊಟ್ಟಿ ಆದಮೇಲೆ ರೂಢಿಗೆ ಅಂತ ಉಣ್ಣುತ್ತಿದ್ದ ಅನ್ನ ಅರ್ಧ ಸವುಟಿಗೆ ಇಳಿಯಿತು. ಭಜಿ ವಾರಕ್ಕೊಮ್ಮೆ, ಅದೂ ಮಳೆ ಬಂದರೆ. ಬನಶಂಕರಿ ಜಾತ್ರೆಗೆ ಹೋದಾಗ ಬುಟ್ಟಿ ಹೊತ್ತು ಬರುವ ಅವ್ವಂದಿರ ಹತ್ತಿರ ರೊಟ್ಟಿ, ಪಲ್ಯ, ಗಟ್ಟಿ ಮೊಸರು, ಶೇಂಗಾ ಹಿಂಡಿ ಹೊಟ್ಟೆ ತುಂಬ ಉಂಡೆ. ಅದಕ್ಕೆ ಲೆಕ್ಕ ಬರೆಯಲಿಲ್ಲ.

ಒಂದು ವರ್ಷದಲ್ಲಿ 66ರಿಂದ 62ಕ್ಕೆ ಬಂದೆ. ಈಗಲೂ ಅಲ್ಲೇ ಇದ್ದೇನೆ. 58 ಮತ್ತೆ ಬರಲಿಲ್ಲ, ಬರಬೇಕು ಅಂತಲೂ ಈಗ ಅನಿಸುವುದಿಲ್ಲ. ಹಳೆಯ ರವಿಕೆಗಳ ಹೊಲಿಗೆ ಬಿಚ್ಚಿಸಿದ್ದೇನೆ.

ವಾಕಿಂಗಿನಲ್ಲಿ ಪರಿಚಯವಾದ ಒಬ್ಬ ಅಕ್ಕ ಒಂದು ದಿನ ಮೆಲ್ಲಗೆ, "ನಿಮ್ಮ ಥೈರಾಯ್ಡ್ ಗುಳಿಗಿ ನನಗೊಂದ ಚೀಟಿ ಕೊಡ್ರಿ, ತೂಕ ಇಳಿತೈತಂತ" ಅಂದರು. ಅವರಿಗೆ ಥೈರಾಯ್ಡ್ ತೊಂದರೆಯೇ ಇರಲಿಲ್ಲ. ದಾರಿಯಲ್ಲೇ ನಿಂತು ಹೇಳಿದೆ, ಬೇಡದ ದೇಹಕ್ಕೆ ಈ ಹಾರ್ಮೋನ್ ಹಾಕಿದರೆ ಎದೆಬಡಿತ ತಪ್ಪುತ್ತದೆ, ಎಲುಬು ಸವೆಯುತ್ತದೆ ಅಂತ. ನಾನು ಮೇಡಂ ಹತ್ತಿರ ಡೋಸ್ ಜಾಸ್ತಿ ಮಾಡಿ ಅಂತ ಜಗಳವಾಡಿದ್ದಕ್ಕೂ ಇದೇ ಉತ್ತರ. ಇನ್ನೊಂದು ಮಾತು, ಗರ್ಭಿಣಿ ಆದವರು ತಕ್ಷಣ ವೈದ್ಯರಿಗೆ ತಿಳಿಸಬೇಕು. ಆಗ ಸಾಮಾನ್ಯವಾಗಿ ಡೋಸ್ ಹೆಚ್ಚು ಬೇಕಾಗುತ್ತದೆ, ಮಗುವಿನ ಮೆದುಳು ಮೊದಲ ತಿಂಗಳುಗಳಲ್ಲಿ ತಾಯಿಯ ಹಾರ್ಮೋನನ್ನೇ ನೆಚ್ಚಿರುತ್ತದೆ.

ನಾನು ಡಾಕ್ಟರ್ ಅಲ್ಲ. ಇಲ್ಲಿ ಬರೆದದ್ದನ್ನು ಈ ಸಲ ಅಚ್ಚಿಗೆ ಮೊದಲು ಮೇಡಂಗೆ ಓದಿಸಿದ್ದೇನೆ. ಅವರು ಎರಡು ಕಡೆ ತಿದ್ದಿದರು, ಹಾಗೇ ತಿದ್ದಿಕೊಂಡಿದ್ದೇನೆ.

ಪತ್ರಿಕೆಯಲ್ಲಿ ತಪ್ಪಾದರೆ ಮರುದಿನ ಒಳಪುಟದ ಮೂಲೆಯಲ್ಲಿ ತಿದ್ದುಪಡಿ ಹಾಕುತ್ತಾರೆ. ನನ್ನ ಕೊತ್ತಂಬರಿ ನೀರಿನ ಕಾಲಂಗೆ ಯಾವ ತಿದ್ದುಪಡಿಯೂ ಬರಲಿಲ್ಲ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅದನ್ನು ಈಗ ಹಾಕುತ್ತಿದ್ದೇನೆ: ಕೊತ್ತಂಬರಿ ನೀರು ಕುಡಿಯಿರಿ, ಬೇಕಾದರೆ. ಅದರಿಂದ ಥೈರಾಯ್ಡ್ ವಾಸಿಯಾಗುವುದಿಲ್ಲ. ತೂಕ ಇಳಿಯಲಿಲ್ಲ ಅಂತ ಗುಳಿಗೆ ಬಿಡಬೇಡಿ. ಬಿಟ್ಟಿದ್ದರೆ ಈ ವಾರವೇ ವೈದ್ಯರ ಹತ್ತಿರ ಹೋಗಿ.

ಆ ಕಟಿಂಗನ್ನು ಹರಿದು ಹಾಕೋಣ ಅಂದರೆ ಚಿಗವ್ವ ಬಿಡಲಿಲ್ಲ. "ಇರಲಿ, ನಿನ್ನ ಹೆಸರ ಐತಿ" ಅಂತ ಮತ್ತೆ ಕ್ಯಾಲೆಂಡರಿನ ಹಿಂದೆಯೇ ಸಿಕ್ಕಿಸಿದಳು. ಅದರ ಮೇಲೆ ಕೆಂಪು ಪೆನ್ನಿನಲ್ಲಿ "ಇದು ತಪ್ಪು" ಅಂತ ನನ್ನ ಕೈಯಿಂದಲೇ ಬರೆಸಿದಳು.

ಹೋದ ತಿಂಗಳು ಅವಳನ್ನು ಕರೆದುಕೊಂಡು ಬಾದಾಮಿಗೆ ಹೋಗಿದ್ದೆ. ಎರಡನೇ ಗುಹೆಯ ಹತ್ತಿರ ಇಬ್ಬರೂ ಕೂತೆವು, ನೀರು ಕುಡಿದೆವು, ಮತ್ತೆ ಎದ್ದೆವು. ನಾಲ್ಕನೇ ಗುಹೆಯ ಮುಂದೆ ನಿಂತು ಕೆಳಗೆ ಅಗಸ್ತ್ಯ ತೀರ್ಥ ನೋಡುತ್ತಾ, "ಇಳಿಯೂದ ಹ್ಯಾಂಗ ಈಗ" ಅಂದಳು ಚಿಗವ್ವ. ನಿಧಾನಕ್ಕೆ ಇಳಿದೆವು.

ದಿನಾ ಬೆಳಿಗ್ಗೆ ಐದೂವರೆಗೆ ಹುನಗುಂದದಿಂದ ನನಗೊಂದು ಮಿಸ್ಡ್ ಕಾಲ್ ಬರುತ್ತದೆ. ಅಂದರೆ ಅವಳು ಗುಳಿಗೆ ನುಂಗಿದಳು ಅಂತ. ನಾನೂ ನುಂಗಿ ವಾಪಸ್ ಒಂದು ಮಿಸ್ಡ್ ಕಾಲ್ ಕೊಟ್ಟು ಚಪ್ಪಲಿ ಹಾಕಿಕೊಂಡು ನಡೆಯಲು ಹೋಗುತ್ತೇನೆ. ಆರೂವರೆಗೆ ಅವಳೇ ಮತ್ತೆ ಫೋನ್ ಮಾಡುತ್ತಾಳೆ, ಈ ಸಲ ಮಾತಾಡಲು: "ಚಾ ಇಟ್ಟೇನು. ನೀನೂ ಇಡು."